ಮುಖದ ನಡುಭಾಗದ ಮೂಳೆ ಮುರಿತ: ಪರೀಕ್ಷೆ ಮತ್ತು ಚಿಕಿತ್ಸೆ



ಕುಟುಂಬ ಕಲ್ಯಾಣವೆಂದೊಡನೆ ಗರ್ಭಿಣಿಯ ಆರೈಕೆ, ಶಿಶುವಿನ ಲಸಿಕೆ, ಮಕ್ಕಳ ನಡುವಣ ಅಂತರ ಇವೇ ನಿಮ್ಮ ಮನಸ್ಸಿಗೆ ಬರುವುದು ಸಹಜ. ಇಂತಹ ಪುಸ್ತಿಕೆಯಲ್ಲಿ ಮುಖದ ಮೂಳೆ ಮುರಿತದ ವಿಷಯವೇಕೆ ಬಂದಿತೆಂದು ನೀವು ಕೇಳಬಹುದು. ಗಂಡ, ಹೆಂಡತಿ, ನಡುವೆ ಒಂದು ಮಗು, ಮುಂದೆ ಹಾಲಿನ ಕ್ಯಾನು, ಹೀಗೆ ಇಡೀ ಸಂಸಾರವೇ ಒಂದು ದ್ವಿಚಕ್ರ ವಾಹನದ ಮೇಲೆ ಸಾಗುವ ಕಾಲವಿದು. ಬಿದ್ದರೆ ಮೊದಲು ನೆಲಕ್ಕೆ ತಾಗುವುದು ಮುಖ. ಕೊಟ್ಟಿಗೆಯಲ್ಲಿ ಹಸುವಿನ ಒದೆತ, ಎತ್ತಿನ ಕೊಂಬಿನ ತಿವಿತ, ಟ್ರ್ಯಾಕ್ಟರಿನಿಂದ ಬೀಳುವುದು, ಇವುಗಳಿಂದಲೂ ಇದೇ ಗಾಯ ಆಗುತ್ತದೆ. ಮನೆಯೊಳಗೇ ಆಗುವ ಇನ್ನೊಂದು ಕಾರಣವೂ ಉಂಟು. ಅದನ್ನು ಮುಂದೆ ಹೇಳುತ್ತೇನೆ.

ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿರುವ ಕೆಂಗೇರಿ, ಕುಂಬಳಗೋಡು, ತಾವರೆಕೆರೆ, ರಾಮೋಹಳ್ಳಿ ಕಡೆಯ ಹಳ್ಳಿಗಳವರಿಗೆ ಈ ವಿಷಯ ಹೊಸದೇನಲ್ಲ. ಮೈಸೂರು ಹೆದ್ದಾರಿಯು 2023ರ ಮಾರ್ಚಿಯಲ್ಲಿ ವೇಗಮಾರ್ಗವಾಗಿ ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ ಮತ್ತು ಟ್ರ್ಯಾಕ್ಟರುಗಳ ಸಂಚಾರವನ್ನು ನಿಷೇಧಿಸಲಾಯಿತು. ಹೀಗಾಗಿ ಊರವರೆಲ್ಲರೂ ಪಕ್ಕದ ಸರ್ವೀಸ್ ರಸ್ತೆಯಲ್ಲಿಯೇ ಸಾಗಬೇಕು. ಸಂಜೆ ಹೊಲದಿಂದಲೋ ಕಾರ್ಖಾನೆಯಿಂದಲೋ ಮನೆಗೆ ಮರಳುವ ಹೊತ್ತಿನಲ್ಲಿ ಕತ್ತಲೆಯೂ ರಸ್ತೆಯುಬ್ಬೂ ಎದುರು ಬರುವ ವಾಹನದ ಬೆಳಕೂ ಒಟ್ಟಿಗೇ ಸೇರಿಕೊಳ್ಳುತ್ತವೆ.

ಇಲ್ಲಿ ಒಂದು ಪ್ರಸಂಗವನ್ನು ಹೇಳಬೇಕು. ಮಾಗಡಿ ರಸ್ತೆಯ ಕಡೆಯ ಹಳ್ಳಿಯೊಂದರ ಯುವಕ ರೈತರೊಬ್ಬರು ವಾಹನದಿಂದ ಬಿದ್ದು ಮುಖವನ್ನು ನೆಲಕ್ಕೆ ಬಡಿಸಿಕೊಂಡರು. ಮೂಗಿನಿಂದ ರಕ್ತ ಬಂದು ತಾನಾಗಿಯೇ ನಿಂತಿತು. ಕೆನ್ನೆ ಊದಿಕೊಂಡಿತು. 'ಊತ ತಾನೆ, ಇಳಿದರೆ ಸರಿಹೋಗುತ್ತದೆ' ಎಂದು ಅರಿಶಿನದ ಪಟ್ಟು ಹಾಕಿಕೊಂಡು ಮನೆಯಲ್ಲಿಯೇ ಉಳಿದರು. ಊತವೇನೋ ಇಳಿಯಿತು. ಅದು ಇಳಿದ ಮೇಲೆ ಕೆನ್ನೆ ಒಂದು ಕಡೆ ಕುಸಿದಿರುವುದು, ಮುದ್ದೆ ನುಂಗಲು ಬಾಯಿ ಸರಿಯಾಗಿ ತೆರೆಯದಿರುವುದು, ಮೇಲೆ ನೋಡಿದರೆ ಒಂದು ವಸ್ತು ಎರಡಾಗಿ ಕಾಣುವುದು ತಿಳಿಯಿತು. ಅವರು ನಮ್ಮಲ್ಲಿಗೆ ಬಂದಾಗ ಐದನೆಯ ವಾರ ನಡೆಯುತ್ತಿತ್ತು. ಮುರಿದ ಮೂಳೆ ತಪ್ಪು ಜಾಗದಲ್ಲಿಯೇ ಬೆಸೆದುಕೊಂಡಿತ್ತು. ಎರಡನೆಯ ವಾರದೊಳಗೆ ಒಂದು ಸಣ್ಣ ಶಸ್ತ್ರಕ್ರಿಯೆಯಿಂದ ಮುಗಿಯಬಹುದಾಗಿದ್ದ ಕೆಲಸಕ್ಕೆ, ಬೆಸೆದ ಮೂಳೆಯನ್ನು ಮತ್ತೆ ಕತ್ತರಿಸಿ ಕೂರಿಸುವ ದೊಡ್ಡ ಶಸ್ತ್ರಕ್ರಿಯೆ ಬೇಕಾಯಿತು. ಅವರ ಪತ್ನಿ ಆಗ ಏಳು ತಿಂಗಳ ಗರ್ಭಿಣಿ. ಆಸ್ಪತ್ರೆಗೆ ಓಡಾಡಿದವರು ಆಕೆಯೇ.

ಮುಖದ ನಡುಭಾಗವೆಂದರೆ ಯಾವುದು?

ಹುಬ್ಬಿನಿಂದ ಕೆಳಗೆ, ಮೇಲಿನ ಹಲ್ಲಿನ ಸಾಲಿನವರೆಗೆ ಇರುವ ಭಾಗವೇ ಮುಖದ ನಡುಭಾಗ. ಮೂಗಿನ ಮೂಳೆಗಳು, ಎರಡು ಮೇಲ್ದವಡೆಗಳು, ಎರಡು ಕೆನ್ನೆಮೂಳೆಗಳು, ಕಣ್ಣಿನ ಗೂಡುಗಳು ಮತ್ತು ಅಂಗುಳು ಇದರಲ್ಲಿ ಸೇರುತ್ತವೆ. ಕೆಳದವಡೆಯು ಬೇರೆ. ಅದು ಕೀಲಿನಿಂದ ತೂಗಿರುವ, ಚಲಿಸುವ ಒಂದೇ ಗಟ್ಟಿ ಮೂಳೆ. ನಡುಭಾಗವಾದರೋ ಹಲವು ತೆಳು ಮೂಳೆಗಳು ಕೂಡಿ ಆದುದು.

ಹಳೆಯ ತೊಟ್ಟಿಮನೆಯೊಂದನ್ನು ನೆನೆಯಿರಿ. ಭಾರವನ್ನು ಹೊರುವುವು ಕಂಬಗಳು ಮತ್ತು ತೊಲೆಗಳು. ನಡುವಣ ಗೋಡೆಗಳು ತೆಳುವಾಗಿದ್ದರೂ ಮನೆ ನಿಲ್ಲುತ್ತದೆ. ಮುಖದ ರಚನೆಯೂ ಹೀಗೆಯೇ. ಮೂಗಿನ ಇಕ್ಕೆಲಗಳಲ್ಲಿ, ಕೆನ್ನೆಗಳ ಕಡೆಯಲ್ಲಿ ಮತ್ತು ದವಡೆಯ ಹಿಂಭಾಗದಲ್ಲಿ ಕಂಬಗಳಂತೆ ಗಟ್ಟಿಯಾದ ಮೂಳೆಯ ದಿಂಡುಗಳಿವೆ. ಹುಬ್ಬಿನ ಮೇಲೆ, ಕಣ್ಣಿನ ಕೆಳಗೆ ಮತ್ತು ಹಲ್ಲಿನ ಬೇರುಗಳ ಮೇಲೆ ತೊಲೆಗಳಂಥ ದಿಂಡುಗಳಿವೆ. ಇವುಗಳ ನಡುವೆ ಇರುವುದು ಗಾಳಿ ತುಂಬಿದ ಪೊಳ್ಳುಗಳು ಮತ್ತು ಕಾಗದದಷ್ಟು ತೆಳುವಾದ ಮೂಳೆಯ ಹಾಳೆಗಳು. ಊಟವನ್ನು ಅಗಿಯುವಾಗ ಕೆಳಗಿನಿಂದ ಬರುವ ಒತ್ತಡವನ್ನು ಈ ಕಂಬಗಳು ಚೆನ್ನಾಗಿ ತಡೆಯುತ್ತವೆ. ಮುಂದಿನಿಂದ ಬರುವ ಹೊಡೆತವನ್ನು ತಡೆಯಲಾರವು. ಇದರಲ್ಲಿ ಒಂದು ಉಪಕಾರವೂ ಅಡಗಿದೆ. ಮುಖದ ಮೂಳೆಗಳು ಕುಸಿದು ಪೆಟ್ಟಿನ ಬಹುಭಾಗವನ್ನು ತಾವೇ ನುಂಗುವುದರಿಂದ ಎಷ್ಟೋ ವೇಳೆ ಮೆದುಳು ಉಳಿಯುತ್ತದೆ.

ಈ ಮೂಳೆಗಳು ಎಲ್ಲೆಂದರಲ್ಲಿ ಮುರಿಯುವುದಿಲ್ಲ. ಫ್ರಾನ್ಸ್ ದೇಶದ ರೆನೆ ಲೆಫೋರ್ ಎಂಬ ಶಸ್ತ್ರವೈದ್ಯರು ಮೃತದೇಹಗಳ ತಲೆಗಳ ಮೇಲೆ ನಾನಾ ದಿಕ್ಕಿನಿಂದ ಪೆಟ್ಟು ಹಾಕಿ, ಬಳಿಕ ಮೂಳೆಗಳನ್ನು ಪರೀಕ್ಷಿಸಿ, ಅವು ಒಡೆಯುವ ಗೆರೆಗಳು ಮುಖ್ಯವಾಗಿ ಮೂರೇ ಎಂದು 1901ರಲ್ಲಿ ಪ್ರಕಟಿಸಿದರು. ಮೊದಲನೆಯ ವಿಧದಲ್ಲಿ ಬಿರುಕು ಹಲ್ಲಿನ ಬೇರುಗಳ ಮೇಲೆ ಅಡ್ಡಲಾಗಿ ಹಾದು, ಅಂಗುಳು ಮತ್ತು ಮೇಲಿನ ಹಲ್ಲುಗಳು ಒಟ್ಟಾಗಿ ಸಡಿಲಗೊಳ್ಳುತ್ತವೆ. ಎರಡನೆಯದರಲ್ಲಿ ಬಿರುಕು ಮೂಗಿನ ಬುಡದಿಂದ ಕಣ್ಣಿನ ಕೆಳಅಂಚಿನ ಮೂಲಕ ಇಳಿದು, ಗೋಪುರದ ಆಕಾರದ ತುಂಡೊಂದು ಬೇರೆಯಾಗುತ್ತದೆ. ಮೂರನೆಯದರಲ್ಲಿ ಕೆನ್ನೆಮೂಳೆಗಳೂ ಸೇರಿ ಇಡೀ ಮುಖವೇ ತಲೆಬುರುಡೆಯಿಂದ ಕಳಚಿಕೊಳ್ಳುತ್ತದೆ. ಇಂದಿಗೂ ಪ್ರಪಂಚದ ಎಲ್ಲ ಆಸ್ಪತ್ರೆಗಳಲ್ಲಿ ವೈದ್ಯರು ಈ ಮುರಿತಗಳನ್ನು ಲೆಫೋರ್ ಒಂದು, ಎರಡು, ಮೂರು ಎಂದೇ ಕರೆಯುತ್ತಾರೆ. ನಿಮ್ಮ ಚೀಟಿಯಲ್ಲಿ ಆ ಹೆಸರು ಕಂಡರೆ ಗಾಬರಿಪಡಬೇಕಾಗಿಲ್ಲ. ಇವಲ್ಲದೆ ಮೂಗಿನ ಮೂಳೆ ಮಾತ್ರ, ಕೆನ್ನೆಮೂಳೆ ಮಾತ್ರ, ಇಲ್ಲವೇ ಕಣ್ಣಿನ ಗೂಡಿನ ತಳ ಮಾತ್ರ ಮುರಿಯುವುದೂ ಉಂಟು. ಅತಿ ಕಡಿಮೆ ಪೆಟ್ಟಿಗೆ ಮುರಿಯುವುದು ಮೂಗು.

ಪೆಟ್ಟು ಬಿದ್ದ ಸ್ಥಳದಲ್ಲಿ

ಮುಖದ ಗಾಯದಲ್ಲಿ ಪ್ರಾಣಕ್ಕೆ ಮೊದಲ ಅಪಾಯ ಬರುವುದು ಉಸಿರಾಟದಿಂದ. ಮುರಿದ ಮೇಲ್ದವಡೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚಬಹುದು. ರಕ್ತ, ಮುರಿದ ಹಲ್ಲು ಅಥವಾ ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು. ಆದುದರಿಂದ ಗಾಯಾಳುವಿಗೆ ಎಚ್ಚರವಿದ್ದರೆ, ಆತನನ್ನು ಕೂರಿಸಿ ಮುಂದಕ್ಕೆ ಬಾಗಿಸಿರಿ. ರಕ್ತವು ಬಾಯಿಯಿಂದಲೂ ಮೂಗಿನಿಂದಲೂ ಹೊರಗೆ ಹರಿಯಲಿ. 'ಮಲಗಪ್ಪಾ' ಎಂದು ಬಲವಂತವಾಗಿ ಅಂಗಾತ ಮಲಗಿಸಕೂಡದು. ಮುಖ ಒಡೆದವನು ಎದ್ದು ಕೂರಲು ಹೆಣಗುತ್ತಿದ್ದರೆ, ಅದು ಹಟವಲ್ಲ, ಉಸಿರಿಗಾಗಿ ನಡೆಸುವ ಹೋರಾಟವೆಂದು ತಿಳಿಯಿರಿ. ಎಚ್ಚರ ತಪ್ಪಿದ್ದರೆ, ಇಬ್ಬರು ಮೂವರು ಸೇರಿ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಮಗ್ಗುಲಿಗೆ ಹೊರಳಿಸಿರಿ. ಬಲವಾದ ಪೆಟ್ಟಿನಲ್ಲಿ ಕತ್ತಿನ ಮೂಳೆಯೂ ಮುರಿದಿರಬಹುದು. ಆದುದರಿಂದ ಕತ್ತನ್ನು ತಿರುಗಿಸುವುದು, ಎತ್ತುವುದು ಬೇಡ. ಬಾಯಿಯಲ್ಲಿ ಕಣ್ಣಿಗೆ ಕಾಣುವ ಹಲ್ಲಿನ ತುಂಡು, ಕಟ್ಟಿಸಿದ ಹಲ್ಲು ಇದ್ದರೆ ತೆಗೆಯಿರಿ.

ನೀರು, ಕಾಫಿ, ಸೋಡಾ ಏನನ್ನೂ ಕುಡಿಸಬೇಡಿರಿ. ಮೂಗಿಗೆ ಬಟ್ಟೆ ತುರುಕುವುದು, ಗಾಯಕ್ಕೆ ಕಾಫಿಪುಡಿ, ಸುಣ್ಣ ಅಥವಾ ಸೆಗಣಿ ಮೆತ್ತುವುದು ಇವೆಲ್ಲವೂ ಅಪಾಯಕರ. ಶುಭ್ರವಾದ ಬಟ್ಟೆಯಿಂದ ಚರ್ಮದ ಗಾಯವನ್ನು ಮೃದುವಾಗಿ ಒತ್ತಿ ಹಿಡಿದರೆ ಸಾಕು. ತಲೆಯ ಸುತ್ತ ಗಲ್ಲವನ್ನು ಬಿಗಿದು ಕಟ್ಟುವ ಪದ್ಧತಿಯೊಂದುಂಟು. 2002ರಲ್ಲಿ ಆಂಟಿಗಾದ ಕ್ರಿಕೆಟ್ ಪಂದ್ಯದಲ್ಲಿ ದವಡೆ ಮುರಿದುಕೊಂಡ ನಮ್ಮ ಅನಿಲ್ ಕುಂಬ್ಳೆಯವರು ಹಾಗೆ ಕಟ್ಟಿಸಿಕೊಂಡು ಬಂದು ಚೆಂಡೆಸೆದುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಅವರದು ದವಡೆಯ ಮುರಿತ, ಕಟ್ಟಿದವರು ತರಬೇತಿ ಪಡೆದವರು, ಬಳಿಕ ಅವರು ಶಸ್ತ್ರಕ್ರಿಯೆಗಾಗಿ ಬೆಂಗಳೂರಿಗೆ ಮರಳಿದರು. ನಡುಮುಖ ಒಡೆದು ಬಾಯಲ್ಲಿ ರಕ್ತ ತುಂಬುತ್ತಿರುವವನಿಗೆ ಗಲ್ಲ ಬಿಗಿದು ಬಾಯಿ ಮುಚ್ಚಿಸಿದರೆ ಉಸಿರೇ ಕಟ್ಟೀತು. ಕೈಕಾಲು ಮುರಿದಾಗ ಹೋಗುವಂತೆ ನಾಟಿ ಕಟ್ಟು ಕಟ್ಟಿಸಲು ಹೋಗುವವರೂ ಉಂಟು. ಮುಖಕ್ಕೆ ಕಟ್ಟು ಹಾಕಿ ಮೂಳೆಯನ್ನು ನೇರ ನಿಲ್ಲಿಸುವ ಉಪಾಯವೇ ಇಲ್ಲ.

ಹಲ್ಲು ಬುಡಸಮೇತ ಕಳಚಿ ಬಿದ್ದಿದ್ದರೆ ಎಸೆಯಬೇಡಿರಿ. ಬೇರನ್ನು ಮುಟ್ಟದೆ ತಲೆಯ ಭಾಗದಲ್ಲಿ ಹಿಡಿದು, ಉಜ್ಜದೆ, ಹಸಿ ಹಾಲಿನಲ್ಲಿ ಹಾಕಿ ತನ್ನಿರಿ. ಒಂದು ಗಂಟೆಯೊಳಗೆ ಬಂದರೆ ಅದನ್ನು ಮತ್ತೆ ನೆಡುವ ಅವಕಾಶ ಹೆಚ್ಚು. ಹಾಲುಹಲ್ಲಿಗೆ ಇದು ಅನ್ವಯಿಸುವುದಿಲ್ಲ.

ವಾಹನಕ್ಕಾಗಿ 108ಕ್ಕೆ ಕರೆ ಮಾಡಿರಿ. ಆರೋಗ್ಯ ಕವಚವೆಂಬ ಈ ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ನಡೆಯುತ್ತಿದೆ. ದಾರಿಯಲ್ಲಿ ಬಿದ್ದವರು ಅಪರಿಚಿತರಾದರೂ ಹಿಂಜರಿಯಬೇಡಿರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ಸದ್ಭಾವನೆಯಿಂದ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಸಾಕ್ಷಿ ಹೇಳಬೇಕೆಂದು ಪೊಲೀಸರು ನಿಮ್ಮನ್ನು ಬಲವಂತಪಡಿಸುವಂತಿಲ್ಲ.

ವೈದ್ಯರು ಏನನ್ನು ನೋಡುತ್ತಾರೆ?

ಮುಖ ಊದಿ ರಕ್ತಮಯವಾಗಿರುವಾಗ ಮನೆಯವರ ಕಣ್ಣೆಲ್ಲ ಮುಖದ ಮೇಲಿರುತ್ತದೆ. ವೈದ್ಯರ ಕಣ್ಣು ಮೊದಲು ಬೇರೆ ಕಡೆ ಹೋಗುತ್ತದೆ. ಉಸಿರು, ಕತ್ತು, ರಕ್ತಸ್ರಾವ, ತಲೆಯ ಪೆಟ್ಟು ಇವುಗಳನ್ನು ಸರಿಪಡಿಸಿಕೊಂಡ ಬಳಿಕವೇ ಮುಖದ ಸರದಿ. 'ಡಾಕ್ಟರು ಮುಖವನ್ನೇ ನೋಡಲಿಲ್ಲ' ಎಂದು ಬೇಸರಪಡಬೇಡಿರಿ.

ಮುಖದಲ್ಲಿ ಎಲ್ಲಕ್ಕೂ ಮೊದಲು ನೋಡತಕ್ಕದ್ದು ದೃಷ್ಟಿ. ಊದಿದ ರೆಪ್ಪೆಯನ್ನು ನಿಧಾನವಾಗಿ ಬಿಡಿಸಿ, ಒಂದೊಂದೇ ಕಣ್ಣಿನಿಂದ ಬೆರಳು ಕಾಣುವುದೇ, ಬೆಳಕು ಕಾಣುವುದೇ ಎಂದು ಕೇಳುತ್ತಾರೆ. ಕಣ್ಣಿನ ಹಿಂದೆ ರಕ್ತ ಶೇಖರವಾದರೆ ಕಣ್ಣು ಮುಂದಕ್ಕೆ ಉಬ್ಬುತ್ತದೆ, ಕಲ್ಲಿನಂತೆ ಗಟ್ಟಿಯಾಗುತ್ತದೆ, ನೋವು ಏರುತ್ತದೆ, ದೃಷ್ಟಿ ಮಂಜಾಗುತ್ತದೆ. ಒಂದೆರಡು ಗಂಟೆಗಳೊಳಗೆ ಒತ್ತಡವನ್ನು ಇಳಿಸದಿದ್ದರೆ ಆ ಕಣ್ಣು ಶಾಶ್ವತವಾಗಿ ಹೋಗಬಹುದು. ಮನೆಗೆ ಕಳುಹಿಸಿದ ಮೇಲೂ ಈ ಲಕ್ಷಣ ಕಂಡರೆ ಬೆಳಗಾಗಲೆಂದು ಕಾಯಕೂಡದು.

ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಮಗುವಿನ ಕಣ್ಣಿನ ಮೇಲೆ ಚೆಂಡೋ ಮೊಣಕೈಯೋ ಬಡಿದಿರುತ್ತದೆ. ಕಣ್ಣು ಕೆಂಪಾಗಿರುವುದಿಲ್ಲ, ಊತವೂ ಅಷ್ಟಾಗಿ ಇರುವುದಿಲ್ಲ. ಆದರೆ ಮಗು ವಾಂತಿ ಮಾಡುತ್ತದೆ, ಮಂಕಾಗಿ ಮಲಗುತ್ತದೆ, ಮೇಲಕ್ಕೆ ನೋಡೆಂದರೆ ಒಂದು ಕಣ್ಣು ಮೇಲೇರುವುದಿಲ್ಲ. ಮಕ್ಕಳ ಮೂಳೆ ಎಳೆಯದಾದುದರಿಂದ ಬಾಗಿಲಿನಂತೆ ತೆರೆದು ಮತ್ತೆ ಮುಚ್ಚಿಕೊಂಡು, ಕಣ್ಣನ್ನು ತಿರುಗಿಸುವ ಸ್ನಾಯುವನ್ನು ಕಚ್ಚಿ ಹಿಡಿದಿರುತ್ತದೆ. ಇದನ್ನು ಅಜೀರ್ಣವೆಂದು ಬಗೆದು ದಿನಗಳನ್ನು ಕಳೆದರೆ ಸ್ನಾಯು ಸಾಯುತ್ತದೆ. ಒಂದೆರಡು ದಿನಗಳೊಳಗೆ ಶಸ್ತ್ರಕ್ರಿಯೆ ಆಗಬೇಕು.

ಆಮೇಲೆ ವೈದ್ಯರು ರೋಗಿಯ ತಲೆಯ ಹಿಂದೆ ನಿಂತು ಮೇಲಿನಿಂದ ಎರಡು ಕೆನ್ನೆಗಳ ಎತ್ತರವನ್ನು ಹೋಲಿಸುತ್ತಾರೆ. ಹುಬ್ಬಿನಿಂದ ತೊಡಗಿ ಕಣ್ಣಿನ ಅಂಚು, ಮೂಗು, ಕೆನ್ನೆಗಳನ್ನು ಬೆರಳಿನಿಂದ ತಡವುತ್ತಾರೆ. ಮೂಳೆಯ ಅಂಚಿನಲ್ಲಿ ಮೆಟ್ಟಿಲಿನಂಥ ಏರುತಗ್ಗು ಸಿಕ್ಕರೆ ಅಲ್ಲಿ ಮುರಿತವಿದೆಯೆಂದು ಅರ್ಥ. ಕೆನ್ನೆ, ಮೇಲ್ದುಟಿ ಮತ್ತು ಮೂಗಿನ ಪಕ್ಕ ಜೋಮು ಹಿಡಿದಂತಿದೆಯೇ ಎಂದು ಕೇಳುತ್ತಾರೆ. ಕಣ್ಣಿನ ಕೆಳಗೆ ಹಾಯುವ ನರವು ಜಜ್ಜಿಹೋದಾಗ ಹೀಗಾಗುತ್ತದೆ.

ಮುಂದಿನ ಪರೀಕ್ಷೆಯನ್ನು ಕಂಡು ಮನೆಯವರು ಅಂಜುವುದುಂಟು. ವೈದ್ಯರು ಒಂದು ಕೈಯಿಂದ ಹಣೆಯನ್ನೋ ಮೂಗಿನ ಬುಡವನ್ನೋ ಹಿಡಿದು, ಇನ್ನೊಂದು ಕೈಯಿಂದ ಮೇಲಿನ ಮುಂಹಲ್ಲುಗಳನ್ನು ಹಿಡಿದು ಮೆಲ್ಲನೆ ಅಲುಗಿಸುತ್ತಾರೆ. ಹಲ್ಲಿನ ಭಾಗ ಮಾತ್ರ ಅಲುಗಿದರೆ ಮೊದಲನೆಯ ವಿಧ. ಮೂಗೂ ಜೊತೆಗೆ ಅಲುಗಿದರೆ ಎರಡನೆಯದು. ಕೆನ್ನೆಗಳೂ ಅಲುಗಿದರೆ ಮೂರನೆಯದು. ನೂರ ಇಪ್ಪತ್ತು ವರ್ಷಗಳ ಹಿಂದೆ ಲೆಫೋರರು ಗುರುತಿಸಿದ ಗೆರೆಗಳು ಹೀಗೆ ಬೆರಳ ತುದಿಗೇ ತಿಳಿಯುತ್ತವೆ.

ನೀವೇ ಮಾಡಿಕೊಳ್ಳಬಹುದಾದ ಪರೀಕ್ಷೆಯೂ ಒಂದುಂಟು. ಹಲ್ಲು ಕಚ್ಚಿ ನೋಡಿರಿ. 'ಮೊದಲಿನ ಹಾಗೆ ಕೂಡುತ್ತಿಲ್ಲ' ಎಂದು ನಿಮಗೆ ಅನ್ನಿಸಿದರೆ, ಕನ್ನಡಿಯಲ್ಲಿ ಏನೂ ಕಾಣದಿದ್ದರೂ, ಆ ಅನ್ನಿಸಿಕೆಯನ್ನು ನಂಬಿರಿ. ಕೂದಲೆಳೆಯಷ್ಟು ವ್ಯತ್ಯಾಸವೂ ಹಲ್ಲಿಗೆ ತಿಳಿಯುತ್ತದೆ.

ಮೂಗಿನೊಳಗೆ ದೀಪ ಹಾಕಿ ನೋಡುವುದಕ್ಕೂ ಕಾರಣವಿದೆ. ಎರಡು ಹೊಳ್ಳೆಗಳ ನಡುವಣ ಗೋಡೆಯಲ್ಲಿ ರಕ್ತ ಕಟ್ಟಿ ಉಬ್ಬಿದ್ದರೆ ಅದನ್ನು ಆ ದಿನವೇ ಹೊರಗೆ ತೆಗೆಯಬೇಕು. ಬಿಟ್ಟರೆ ಮೂರು ನಾಲ್ಕು ದಿನಗಳಲ್ಲಿ ಮೃದ್ವಸ್ಥಿ ಕೊಳೆತು ಮೂಗು ಜೀನಿನಂತೆ ಕುಸಿಯುತ್ತದೆ. ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದರೆ, ಅಥವಾ ಗಂಟಲಿಗೆ ಉಪ್ಪುಪ್ಪಾದ ನೀರು ಇಳಿದಂತಾದರೆ ತಪ್ಪದೆ ಹೇಳಿರಿ. ಅದು ನೆಗಡಿಯಲ್ಲ, ಮೆದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು. ಆಗ ಮೂಗು ಸೀಟಿದರೆ ರೋಗಾಣುಗಳು ಮೆದುಳಿನ ಪೊರೆಯನ್ನು ಸೇರಬಹುದು. ಸೋರಿಕೆಯಿರಲಿ, ಇಲ್ಲದಿರಲಿ, ನಡುಮುಖ ಮುರಿದವರು ಮೂಗು ಸೀಟಕೂಡದು. ಗಾಳಿಯು ಮುರಿತದ ಮೂಲಕ ಚರ್ಮದಡಿಗೆ ನುಗ್ಗಿ ಕಣ್ಣು ಒಮ್ಮೆಗೇ ಊದಿಕೊಳ್ಳುತ್ತದೆ.

ಕೊನೆಯಲ್ಲಿ ಸಿ.ಟಿ. ಸ್ಕ್ಯಾನ್. ಮುಖದ ಮೂಳೆಗಳು ಒಂದರ ಹಿಂದೊಂದು ಅಡಗಿರುವುದರಿಂದ ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಎಲ್ಲವೂ ಕಾಣುವುದಿಲ್ಲ. ಗರ್ಭಿಣಿಯಾದವರು ಆ ಸಂಗತಿಯನ್ನು ಮುಚ್ಚಿಡದೆ ಮೊದಲೇ ತಿಳಿಸಬೇಕು. ಮುಖದ ಸ್ಕ್ಯಾನಿನಿಂದ ಹೊಟ್ಟೆಯಲ್ಲಿರುವ ಮಗುವಿಗೆ ತಗಲುವ ಕಿರಣ ಅತ್ಯಲ್ಪ. ಅಗತ್ಯವಿದ್ದರೆ ಮಾಡಿಸಲು ಹೆದರಬೇಕಾಗಿಲ್ಲ. ಕಿರಣದ ಭಯದಿಂದ ಪರೀಕ್ಷೆಯನ್ನೇ ತಪ್ಪಿಸಿಕೊಂಡು ತಾಯಿಯ ಕಣ್ಣಿಗೋ ಉಸಿರಿಗೋ ಕುತ್ತು ತಂದುಕೊಳ್ಳುವುದೇ ಹೆಚ್ಚಿನ ಅಪಾಯ.

ಚಿಕಿತ್ಸೆ

ಮುರಿತವಾದ ಮಾತ್ರಕ್ಕೆ ಶಸ್ತ್ರಕ್ರಿಯೆ ಬೇಕೆಂದಿಲ್ಲ. ಮೂಳೆ ಸ್ಥಳ ಬಿಟ್ಟು ಸರಿಯದಿದ್ದರೆ, ಹಲ್ಲು ಸರಿಯಾಗಿ ಕೂಡುತ್ತಿದ್ದರೆ, ಕಣ್ಣಿಗೆ ತೊಂದರೆಯಿಲ್ಲದಿದ್ದರೆ, ಮೆತ್ತನೆಯ ಆಹಾರ ಮತ್ತು ನಿಗಾವಣೆಯೇ ಸಾಕು. ಸರಿದ ಮೂಗಿನ ಮೂಳೆಯನ್ನು ಊತ ಇಳಿದ ಮೇಲೆ, ದೊಡ್ಡವರಲ್ಲಿ ಸುಮಾರು ಏಳರಿಂದ ಹತ್ತು ದಿನಗಳೊಳಗೆ, ಮಕ್ಕಳಲ್ಲಿ ಇನ್ನೂ ಬೇಗನೆ, ಸ್ವಸ್ಥಾನಕ್ಕೆ ಕೂರಿಸುತ್ತಾರೆ. ಕುಸಿದ ಕೆನ್ನೆಮೂಳೆಯನ್ನು ಎತ್ತಲು ಕಪೋಲದ ಮೇಲೆ ಗಾಯ ಮಾಡಬೇಕಾಗಿಲ್ಲ. ಕಿವಿಯ ಮೇಲೆ ಕೂದಲಿನೊಳಗೆ ಸಣ್ಣದಾಗಿ ಕೊಯ್ದು, ಅಲ್ಲಿಂದ ಮೀಟುಗೋಲೊಂದನ್ನು ಇಳಿಸಿ ಮೂಳೆಯನ್ನು ಮೇಲೆತ್ತುವ ವಿಧಾನವನ್ನು ಗಿಲೀಸ್ ಎಂಬ ಶಸ್ತ್ರವೈದ್ಯರು ಮತ್ತು ಸಂಗಡಿಗರು 1927ರಲ್ಲಿಯೇ ವರ್ಣಿಸಿದರು. ಅದು ಈಗಲೂ ಬಳಕೆಯಲ್ಲಿದೆ. ಗುರುತು ಕೂದಲಲ್ಲಿ ಮರೆಯಾಗುತ್ತದೆ.

ಮೇಲ್ದವಡೆಯ ಮುರಿತಕ್ಕೆ ಮೊದಲು ಮಾಡುವ ಕೆಲಸ ಹಲ್ಲುಗಳನ್ನು ಕೂಡಿಸುವುದು. ಮೇಲಿನ ಮತ್ತು ಕೆಳಗಿನ ಹಲ್ಲಿನ ಸಾಲುಗಳಿಗೆ ಲೋಹದ ಪಟ್ಟಿಗಳನ್ನು ತಂತಿಯಿಂದ ಬಿಗಿದು, ಎರಡನ್ನೂ ಸರಿಯಾದ ಕಚ್ಚಿನಲ್ಲಿ ಕಟ್ಟುತ್ತಾರೆ. ಹಲ್ಲು ಸರಿಯಾಗಿ ಕೂಡಿತೆಂದರೆ ಅವುಗಳನ್ನು ಹೊತ್ತ ಮೂಳೆಯೂ ತನ್ನ ಜಾಗಕ್ಕೆ ಬಂದಿದೆಯೆಂದೇ ಅರ್ಥ. ಬಳಿಕ ತುಟಿಯ ಒಳಗಡೆಯಿಂದ ಕೊಯ್ದು, ಮುರಿದ ಕಂಬಗಳಿಗೆ ಟೈಟೇನಿಯಂ ಲೋಹದ ಪುಟ್ಟ ಪಟ್ಟಿಗಳನ್ನು ಸ್ಕ್ರೂಗಳಿಂದ ಕೂರಿಸುತ್ತಾರೆ. ಹಿಂದಿನ ಕಾಲದಲ್ಲಿ ತಲೆಗೆ ಪ್ಲಾಸ್ಟರಿನ ಟೋಪಿ ಹಾಕಿ ಅದರಿಂದ ದವಡೆಯನ್ನು ತೂಗುಹಾಕಿ ವಾರಗಟ್ಟಲೆ ಮಲಗಿಸುತ್ತಿದ್ದರು. ಪಟ್ಟಿಗಳು ಬಂದ ಮೇಲೆ ಆ ಯಾತನೆ ತಪ್ಪಿದೆ. ಟೈಟೇನಿಯಂ ತುಕ್ಕು ಹಿಡಿಯುವುದಿಲ್ಲ. ತೊಂದರೆ ಕೊಡದಿದ್ದರೆ ಜೀವನವಿಡೀ ಒಳಗೇ ಇರಬಹುದು.

ಅವಧಿಯನ್ನು ಮಾತ್ರ ಮರೆಯಬೇಡಿರಿ. ಸಾಮಾನ್ಯವಾಗಿ ಮೊದಲ ಎರಡು ವಾರಗಳು ಸುಸಮಯ. ಅನಂತರ ಮೂಳೆ ಬೆಸೆಯತೊಡಗುತ್ತದೆ.

'ಮುಖ ಒಡೆದುಕೊಂಡವನನ್ನು ಹಲ್ಲಿನ ಆಸ್ಪತ್ರೆಗೆ ಏಕೆ ಕಳುಹಿಸುತ್ತೀರಿ, ಸ್ವಾಮಿ?' ಎಂದು ಹಲವರು ನನ್ನನ್ನು ಕೇಳಿದ್ದಾರೆ. ಮುಖ ಮತ್ತು ದವಡೆಯ ಶಸ್ತ್ರಕ್ರಿಯೆಯು ದಂತವೈದ್ಯ ಶಾಸ್ತ್ರದ ಒಂದು ವಿಶೇಷ ಶಾಖೆ. ಕಾರಣವನ್ನು ಈಗಾಗಲೇ ಹೇಳಿದೆನಷ್ಟೆ: ಮೂಳೆಗೆ ಹಲ್ಲೇ ದಾರಿ ತೋರಿಸುವುದು. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸಮೀಪದಲ್ಲಿ, ಕೋಟೆ ಪ್ರದೇಶದಲ್ಲಿರುವ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಈ ಶಾಖೆಯಿದೆ. ಕಣ್ಣಿಗೆ ಪೆಟ್ಟಾದವರಿಗೆ ಮಿಂಟೋ ಕಣ್ಣಾಸ್ಪತ್ರೆ ಹತ್ತಿರದಲ್ಲಿಯೇ ಇದೆ. ಬಿಡದಿ, ಕುಂಬಳಗೋಡು, ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ವಿಮಾದಾರರು ಮತ್ತು ಅವರ ಕುಟುಂಬದವರು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಹೋಗಬಹುದು. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದವರಿಗೆ ನಿಮ್ಹಾನ್ಸ್ ಇದೆ.

ಮನೆಗೆ ಮರಳಿದ ಮೇಲೆ

ಹಲ್ಲುಗಳನ್ನು ತಂತಿಯಿಂದ ಕಟ್ಟಿಸಿಕೊಂಡವರನ್ನು ಮನೆಗೆ ಕರೆತಂದಾಗ ಮೊದಲ ಚಿಂತೆ ಊಟದ್ದು. ಬಾಯಿ ತೆರೆಯದಿದ್ದರೂ ಕೊನೆಯ ದವಡೆ ಹಲ್ಲಿನ ಹಿಂದೆ ಚಿಕ್ಕ ಸಂದು ಇರುತ್ತದೆ. ದ್ರವಾಹಾರವು ಅದರ ಮೂಲಕ ಒಳಗೆ ಹೋಗುತ್ತದೆ. ಕೂಸಿಗೆ ಹಾಲು ಕುಡಿಸುವ ಒಳಲೆ ನಿಮ್ಮ ಮನೆಯಲ್ಲಿದ್ದರೆ ಅದಕ್ಕಿಂತ ಉತ್ತಮ ಸಾಧನ ಬೇರಿಲ್ಲ. ಕೆನ್ನೆಯ ಒಳಬದಿಗೆ ಅದರ ಮೂತಿಯಿಟ್ಟು ನಿಧಾನವಾಗಿ ಹೊಯ್ಯಿರಿ. ನಳಿಗೆಯಿಂದ ಬಲವಾಗಿ ಹೀರುವುದು ಬೇಡ.

ಬರಿಯ ಗಂಜಿಯ ತಿಳಿಯಿಂದ ಮೂಳೆ ಕೂಡುವುದಿಲ್ಲ. ರಾಗಿ ಅಂಬಲಿ, ಹಾಲು, ಮಜ್ಜಿಗೆ, ಬೇಳೆಕಟ್ಟು, ನುಣ್ಣಗೆ ಅರೆದ ಹೆಸರುಬೇಳೆ ಪಾಯಸ, ಸೋಸಿದ ಸೊಪ್ಪಿನ ಸಾರು, ಮಾಂಸ ತಿನ್ನುವವರಾದರೆ ಕಾಲು ಸಾರು, ಇವುಗಳನ್ನು ದಿನಕ್ಕೆ ಆರು ಬಾರಿಯಾದರೂ ಕೊಡಿರಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದೆ. ಈ ವಿಷಯದಲ್ಲಿ ನಮ್ಮ ಸೀಮೆಯ ಜನ ಪುಣ್ಯವಂತರು. ಪ್ರತಿ ಊಟದ ಬಳಿಕ ಉಗುರುಬೆಚ್ಚನೆಯ ಉಪ್ಪುನೀರಿನಿಂದ ಬಾಯಿಯನ್ನು ಶುಚಿಗೊಳಿಸಬೇಕು. ಬೀಡಿ, ಸಿಗರೇಟು, ಎಲೆಯಡಿಕೆ, ಹೊಗೆಸೊಪ್ಪು ಇವು ಬಾಯೊಳಗಿನ ಗಾಯ ಮಾಯಲು ಬಿಡುವುದಿಲ್ಲ.

ತಂತಿ ಕಟ್ಟಿರುವಷ್ಟು ದಿನವೂ ತಂತಿ ಕತ್ತರಿಸುವ ಇಕ್ಕಳವೊಂದು ದಿಂಬಿನ ಬಳಿ ಇರಲಿ. ಯಾವ ತಂತಿಯನ್ನು ಕತ್ತರಿಸಬೇಕೆಂದು ಆಸ್ಪತ್ರೆಯಿಂದ ಹೊರಡುವ ಮುನ್ನವೇ ದಂಪತಿಗಳಿಬ್ಬರೂ ಕೇಳಿ ತಿಳಿದಿರಬೇಕು. ವಾಂತಿ ಬಂದರೆ ಮುಂದಕ್ಕೆ ಬಾಗಿಸಿರಿ. ಹೊಟ್ಟೆಯಲ್ಲಿರುವುದು ದ್ರವವೇ ಆದುದರಿಂದ ಸಂದುಗಳಿಂದ ಹೊರಗೆ ಬರುತ್ತದೆ. ಉಸಿರು ಕಟ್ಟಿದರೆ ಮಾತ್ರ ತಂತಿಯನ್ನು ಕತ್ತರಿಸಿ ಕೂಡಲೇ ಆಸ್ಪತ್ರೆಗೆ ಬನ್ನಿರಿ. ಆ ದಿನಗಳಲ್ಲಿ ಹೆಂಡ ಸಾರಾಯಿ ಮುಟ್ಟಿದವನು ರಾತ್ರಿ ವಾಂತಿಯಾಗಿ ಉಸಿರುಗಟ್ಟಿ ಸಾಯಬಹುದು. ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ.

ಗಾಯಗೊಂಡವಳು ಹಾಲೂಡಿಸುವ ತಾಯಿಯಾದರೆ ಮಗುವಿಗೆ ಹಾಲು ಬಿಡಿಸಬೇಕಾಗಿಲ್ಲ. ವೈದ್ಯರಿಗೆ ತಿಳಿಸಿದರೆ ಅದಕ್ಕೆ ಹೊಂದುವ ಔಷಧಿಯನ್ನು ಕೊಡುತ್ತಾರೆ. ಆಕೆಯ ಆಹಾರ ಮಾತ್ರ ಇಮ್ಮಡಿ ಎಚ್ಚರಿಕೆಯಿಂದ ನಡೆಯಬೇಕು. ಒಲೆಯ ಮುಂದೆ ಬಾಗಿ ಕೂರುವುದು, ನೀರಿನ ಕೊಡ ಎತ್ತುವುದು, ಸೌದೆ ಹೊರುವುದು ಕೆಲವು ವಾರ ಆಕೆಗೆ ನಿಷಿದ್ಧ. ಗಂಡನಾದವನು ಅಂಬಲಿ ಕಾಯಿಸಲು ಕಲಿತರೆ ಅವನ ಮೀಸೆಯೇನೂ ಬಾಗುವುದಿಲ್ಲ.

ಹೇಳದೆ ಉಳಿಯುವ ಕಾರಣ

'ಬಚ್ಚಲಲ್ಲಿ ಜಾರಿ ಬಿದ್ದೆ' ಎಂದು ಹೇಳುವ ಹೆಂಗಸರು ನಮ್ಮಲ್ಲಿಗೆ ಬರುತ್ತಾರೆ. ಕೆಲವರು ಜಾರಿಯೇ ಬಿದ್ದಿರುತ್ತಾರೆ. ಆದರೆ ಜಾರಿ ಬಿದ್ದವರಿಗೆ ಅಂಗೈ, ಮೊಣಕಾಲು, ಗಲ್ಲ ತರಚುವುದು ಹೆಚ್ಚು. ಕೆನ್ನೆಮೂಳೆ ಮುರಿದು, ಕಣ್ಣು ಕಪ್ಪಾಗಿ, ಅಂಗೈಯಲ್ಲಿ ಒಂದು ಗೀರೂ ಇಲ್ಲದೆ, ಪೆಟ್ಟಾದ ಮೂರನೆಯ ದಿನ ಗಂಡನೊಡನೆ ಬಂದು, ಕೇಳಿದ ಪ್ರಶ್ನೆಗೆಲ್ಲ ಗಂಡನೇ ಉತ್ತರ ಹೇಳುತ್ತಿದ್ದರೆ, ಮೂಳೆಯೇ ಬೇರೆ ಕಥೆಯನ್ನು ಹೇಳುತ್ತಿರುತ್ತದೆ. ಹೀಗೆ ಬಂದವರೊಬ್ಬರನ್ನು ಪರೀಕ್ಷೆಯ ನೆಪದಲ್ಲಿ ಒಳಗೆ ಕರೆದು, ದಾದಿಯ ಎದುರಿನಲ್ಲಿ, 'ಅಮ್ಮಾ, ಯಾರಾದರೂ ಹೊಡೆದರೇ?' ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಕುಡಿದಾಗ ಮಾತ್ರ ಸ್ವಾಮಿ' ಎಂದರು. ಅಂದು ಅವರ ಹಳೆಯ ಸ್ಕ್ಯಾನಿನಲ್ಲಿ ಮೂಗಿನ ಹಿಂದಿನ ಮುರಿತವೊಂದು ಮಾಯ್ದ ಗುರುತೂ ಇತ್ತು.

ಗಂಡಸರೇ, ಕೆನ್ನೆಗೆ ಒಂದೇಟು ಎಂದು ನೀವು ಹಗುರವಾಗಿ ಬಗೆಯುವುದು ಕಣ್ಣಿನ ಗೂಡಿನ ತಳವನ್ನು ಒಡೆಯಲು ಸಾಕು. ಅದು ಕಾಗದದಷ್ಟು ತೆಳುವೆಂದು ಮೇಲೆಯೇ ಹೇಳಿದ್ದೇನೆ.

ಅಕ್ಕತಂಗಿಯರೇ, ವೈದ್ಯರ ಬಳಿ ನಿಜವನ್ನು ಹೇಳುವುದು ಮನೆಯ ಮಾನ ಕಳೆಯುವುದಲ್ಲ. ಪೆಟ್ಟಿನ ನಿಜವಾದ ಬಗೆ ತಿಳಿದರೆ ಎಲ್ಲಿ ಹುಡುಕಬೇಕೆಂದು ನಮಗೆ ತಿಳಿಯುತ್ತದೆ. ಗರ್ಭಿಣಿಯಾಗಿದ್ದರೆ ಹೊಟ್ಟೆಗೂ ಪೆಟ್ಟಾಗಿದೆಯೇ ಎಂದು ನೋಡಬೇಕಾಗುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ನೊಂದ ಮಹಿಳೆ ಕೇಳಿಕೊಂಡರೆ ಆಸ್ಪತ್ರೆಯು ಚಿಕಿತ್ಸೆ ನೀಡಲೇಬೇಕೆಂದು ಅದರಲ್ಲಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181, ತುರ್ತು ಪೊಲೀಸ್ ನೆರವಿಗೆ 112. ಇವನ್ನು ಬರೆದಿಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲದಿದ್ದರೆ ಬಾಯಿಪಾಠ ಮಾಡಿಕೊಳ್ಳಿರಿ. ಆಶಾ ಕಾರ್ಯಕರ್ತೆಗೂ ಹೇಳಬಹುದು. ನಾನು ಮೇಲೆ ಹೇಳಿದ ಮಹಿಳೆ ಮೊದಲು ಹೇಳಿಕೊಂಡದ್ದು ಊರಿನ ಆಶಾ ಕಾರ್ಯಕರ್ತೆಗೆ. ಆಸ್ಪತ್ರೆಗೆ ಬರುವಂತೆ ಒತ್ತಾಯಿಸಿದ್ದೂ ಆಕೆಯೇ ಎಂದು ನನಗೆ ಆಮೇಲೆ ತಿಳಿಯಿತು.

ಶಿರಸ್ತ್ರಾಣ ಮತ್ತು ಖರ್ಚುವೆಚ್ಚ

ಹೆಲ್ಮೆಟ್ಟು ದಂಡ ತಪ್ಪಿಸಿಕೊಳ್ಳುವುದಕ್ಕಾಗಿ ಮಾತ್ರ ಎಂಬ ಭಾವನೆ ಇನ್ನೂ ಹೋಗಿಲ್ಲ. ಬೋಗುಣಿಯಂತೆ ತಲೆಯ ಮೇಲೆ ಕೂರುವ ಅರ್ಧ ಹೆಲ್ಮೆಟ್ಟು ನೀವು ಇಷ್ಟು ಹೊತ್ತು ಓದಿದ ಒಂದು ಮೂಳೆಯನ್ನೂ ಕಾಯುವುದಿಲ್ಲ. ಗಲ್ಲದ ಮುಂದೆ ಗಟ್ಟಿ ಪಟ್ಟಿಯುಳ್ಳ, ಮುಖವನ್ನು ಪೂರ್ತಿ ಮುಚ್ಚುವ, ಐ.ಎಸ್.ಐ. ಮುದ್ರೆಯ ಹೆಲ್ಮೆಟ್ಟನ್ನೇ ಕೊಳ್ಳಿರಿ. ಕೊಕ್ಕೆ ಹಾಕಿಕೊಳ್ಳಿರಿ. ಹಿಂದೆ ಕೂರುವವರಿಗೂ ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಅದು ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ಟೂ, ಸವಾರನಿಗೆ ಮಗುವನ್ನು ಬಿಗಿಯುವ ಪಟ್ಟಿಯೂ ಇರಬೇಕೆಂದು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದೆಂದು 2022ರಲ್ಲಿ ಪ್ರಕಟವಾಗಿ 2023ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕೇಂದ್ರದ ನಿಯಮ ಹೇಳುತ್ತದೆ. ಹಿಂದೆ ಒಂದೇ ಬದಿಗೆ ಕಾಲಿಟ್ಟು ಕೂರುವ ಹೆಂಗಸರ ಸೆರಗು ಚಕ್ರಕ್ಕೆ ಸಿಕ್ಕಿ ಬೀಳುವ ಪ್ರಸಂಗಗಳೂ ಇವೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಕ್ರಕ್ಕೆ ಸೀರೆತಡೆ ಹಾಕಿಸಿರಿ.

ಹಣವಿಲ್ಲವೆಂದು ಚಿಕಿತ್ಸೆಯನ್ನು ಮುಂದೂಡಬೇಡಿರಿ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಯೋಜನೆಯಂತೆ, ರಸ್ತೆ ಅಪಘಾತಕ್ಕೀಡಾದವರು ನಿಯೋಜಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1,50,000 ರೂಪಾಯಿಗಳ ಮಿತಿಯೊಳಗೆ ನಗದಿಲ್ಲದೆ ಚಿಕಿತ್ಸೆ ಪಡೆಯಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಸವಲತ್ತೂ ಇದೆ. ಬರುವಾಗ ಪಡಿತರ ಚೀಟಿ ಮತ್ತು ಆಧಾರ್ ಚೀಟಿಯನ್ನು ತನ್ನಿರಿ.

ಅವುಗಳ ಜೊತೆಗೆ, ಗಾಯವಾಗುವುದಕ್ಕೆ ಮೊದಲು ತೆಗೆಸಿದ ಒಂದು ಭಾವಚಿತ್ರವನ್ನೂ ತನ್ನಿರಿ. ಮುಖವು ಮೊದಲು ಹೇಗಿತ್ತು, ಮೂಗು ಎಷ್ಟು ನೇರವಿತ್ತು, ಕಣ್ಣುಗಳು ಸಮನಾಗಿದ್ದವೇ ಎಂಬುದನ್ನು ಶಸ್ತ್ರವೈದ್ಯರು ಅದನ್ನು ನೋಡಿಯೇ ತಿಳಿಯುವುದು. ನಕ್ಕು ಹಲ್ಲು ಕಾಣುವಂಥದಾದರೆ ಇನ್ನೂ ಒಳ್ಳೆಯದು. ಬೇರೆ ಯಾವುದೂ ಸಿಗದಿದ್ದರೆ ಮದುವೆಯ ಫೋಟೋ ಸಾಕು.